ಬಲ್ಬಿನೊಳಗೊಂದು ರೇಡಿಯೋ



ಈ ಮಾತು ನಿಮಗೆ ಬೆಂಗಳೂರು ಕೇಂದ್ರದ ಮಧ್ಯಮ ತರಂಗದಲ್ಲಿ ಕೇಳುತ್ತಿದ್ದರೆ, ಅದು 612 ಕಿಲೋಹರ್ಟ್ಸ್ ಕಂಪನಾಂಕದ ಅಲೆಯ ಮೇಲೆ ಬರುತ್ತಿದೆ. ಆ ಅಲೆಯ ಉದ್ದ ಸುಮಾರು 490 ಮೀಟರ್. ಮನೆಯ ಗೋಡೆ ಅದಕ್ಕೊಂದು ಲೆಕ್ಕವೇ ಅಲ್ಲ. ಅದೇ ಮನೆಯೊಳಗೆ, ನಿಮ್ಮ ನೆತ್ತಿಯ ಮೇಲಿನ ಹೋಲ್ಡರಿನಲ್ಲಿ, ಇನ್ನೊಂದು ರೇಡಿಯೋ ಇದ್ದರೂ ಇರಬಹುದು. ಅದು ಹಾಡುವುದಿಲ್ಲ, ವಾರ್ತೆ ಓದುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಕೆಂಪಾಗು ಅಂದರೆ ಕೆಂಪಾಗುತ್ತದೆ, ತಗ್ಗು ಅಂದರೆ ತಗ್ಗುತ್ತದೆ. ಅದರ ಅಲೆ ಒಂದು ಗೇಣೂ ಇಲ್ಲ; ಹನ್ನೆರಡೂವರೆ ಸೆಂಟಿಮೀಟರ್. ಅಂಗಡಿಯವರು ಇದಕ್ಕೆ ಸ್ಮಾರ್ಟ್ ಬಲ್ಬು ಅನ್ನುತ್ತಾರೆ. ಈ ಹೊತ್ತಿನ ನನ್ನ ಮಾತು ಅದರ ಬಗ್ಗೆ. ಬಣ್ಣದ ವಿಷಯವನ್ನು ಕಣ್ಣಿಲ್ಲದ ಮಾಧ್ಯಮದಲ್ಲಿ ಹೇಳಲು ಹೊರಟಿದ್ದೇನೆ. ಕಾಣದ ಕಡೆ ನೀವೇ ಕಲ್ಪಿಸಿಕೊಳ್ಳಬೇಕು.

ಮನೆಯಲ್ಲಿ ನಿಸ್ತಂತು ಪ್ರಯೋಗ ಅನ್ನುವುದು ನಮ್ಮ ನಾಡಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದ್ದರು. ಆ ಪ್ರೇಷಕದ ಶಕ್ತಿ 30 ವ್ಯಾಟ್. ಇವತ್ತು ಅಷ್ಟು ವ್ಯಾಟಿನಲ್ಲಿ ಮೂರು ಎಲ್‌ಇಡಿ ಬಲ್ಬು ಉರಿಯುತ್ತವೆ. ಒಂದೊಂದು ಸ್ಮಾರ್ಟ್ ಬಲ್ಬಿನ ಒಳಗೂ ಕೇಳಲು ಒಂದು ಕಿವಿ, ಉತ್ತರ ಕೊಡಲು ಒಂದು ಬಾಯಿ, ಎರಡೂ ಇವೆ. ಉತ್ತರ ಕೊಡುವಾಗ ಅದು ಹೊರಡಿಸುವ ರೇಡಿಯೋ ಶಕ್ತಿ ಹೆಚ್ಚೆಂದರೆ ಒಂದು ವ್ಯಾಟಿನ ಹತ್ತನೆಯ ಒಂದು ಭಾಗ. ಅದಕ್ಕೇ ಒಂದು ಮನೆ ದಾಟುವಷ್ಟರಲ್ಲಿ ಸುಸ್ತಾಗಿ ಹೋಗುತ್ತದೆ.

ಮೊದಲು ಈ ಬಲ್ಬಿನ ಒಳಗೆ ಏನಿದೆ ನೋಡೋಣ. ಹೊರಗಿನಿಂದ ನೋಡಿದರೆ ಸಾಮಾನ್ಯ 9 ವ್ಯಾಟಿನ ಎಲ್‌ಇಡಿ ಬಲ್ಬು. ಅದೇ ಎರಡು ಪಿನ್ನು, ಅದೇ ಹಾಲುಬಣ್ಣದ ಬುರುಡೆ. ಬುರುಡೆಯ ಕೆಳಗೆ ಒಂದು ಲೋಹದ ಬಿಲ್ಲೆ, ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಎಲ್‌ಇಡಿಗಳು. ಕೆಲವು ಕೆಂಪು, ಕೆಲವು ಹಸಿರು, ಕೆಲವು ನೀಲಿ. ಜೊತೆಗೆ ಬೆಚ್ಚನೆಯ ಬಿಳಿ ಮತ್ತು ತಣ್ಣನೆಯ ಬಿಳಿ ಕೊಡುವ ಬೇರೆ ಎಲ್‌ಇಡಿಗಳು. ಕೆಳಗೆ, ಕತ್ತಿನಲ್ಲಿ, ಬೆರಳಿನ ಉಗುರಿನಷ್ಟು ದೊಡ್ಡ ಒಂದು ಚಿಪ್ಪು. ರೇಡಿಯೋ ಅದೇ, ಕಂಪ್ಯೂಟರೂ ಅದೇ. ಬೆಳಕನ್ನು ತಗ್ಗಿಸು ಎಂದಾಗ ಅದು ವಿದ್ಯುತ್ತಿನ ಒತ್ತಡವನ್ನು ಇಳಿಸುವುದಿಲ್ಲ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಎಲ್‌ಇಡಿಯನ್ನು ಹೊತ್ತಿಸಿ ಆರಿಸುತ್ತದೆ. ಹೊತ್ತಿದ ಕಾಲ ಕಡಿಮೆ, ಆರಿದ ಕಾಲ ಹೆಚ್ಚು ಮಾಡಿದರೆ ನಮ್ಮ ಕಣ್ಣಿಗೆ ಅದು ಮಂದ ಬೆಳಕು. ಅನುಮಾನವಿದ್ದರೆ ಬಲ್ಬನ್ನು ತಗ್ಗಿಸಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಅಗ್ಗದ ಬಲ್ಬಾದರೆ ಪರದೆಯ ಮೇಲೆ ಅಡ್ಡಪಟ್ಟೆಗಳು ಓಡಾಡುವುದು ಕಾಣುತ್ತದೆ.

ಡಬ್ಬದ ಮೇಲೆ ‘ಒಂದು ಕೋಟಿ ಅರವತ್ತು ಲಕ್ಷ ಬಣ್ಣ’ ಎಂದು ಬರೆದಿರುತ್ತಾರಲ್ಲ, ಅದು ಗುಣಾಕಾರದ ಲೆಕ್ಕ. ಕೆಂಪಿಗೆ 256 ಮೆಟ್ಟಿಲು, ಹಸಿರಿಗೆ 256, ನೀಲಿಗೆ 256. ಮೂರನ್ನೂ ಗುಣಿಸಿದರೆ 1,67,77,216. ಇದರಲ್ಲಿ ನನ್ನ ಕಣ್ಣಾಗಲಿ ನಿಮ್ಮ ಕಣ್ಣಾಗಲಿ ಬೇರೆ ಬೇರೆ ಎಂದು ಗುರುತಿಸುವುದು ತೀರ ಸ್ವಲ್ಪ. ಸೀರೆ ಅಂಗಡಿಯಲ್ಲಿ ಮಾವಿನ ಚಿಗುರಿನ ಬಣ್ಣಕ್ಕೂ ಗಿಣಿಹಸಿರಿಗೂ ವ್ಯತ್ಯಾಸ ಹೇಳಬಲ್ಲವರು ಸ್ವಲ್ಪ ಮುಂದೆ ಹೋಗುತ್ತಾರೆ, ಅಷ್ಟೆ.

ಈ ಮೂರು ಬಣ್ಣಗಳಲ್ಲಿ ಕೆಂಪು ಬೇಗ ಸಿಕ್ಕಿತು. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿ ತೋರಿಸಿದರು. ನೀಲಿ ಸಿಗಲು ಮೂವತ್ತು ವರ್ಷ ಹಿಡಿಯಿತು. ಗ್ಯಾಲಿಯಂ ನೈಟ್ರೈಡ್ ಎಂಬ ಪದಾರ್ಥದ ಒಳ್ಳೆಯ ಹರಳು ಬೆಳೆಸುವುದು ಆಗದ ಕೆಲಸ ಎಂದು ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೈಬಿಟ್ಟಿದ್ದವು. ಜಪಾನಿನ ಇಸಾಮು ಅಕಸಾಕಿ, ಅವರ ಶಿಷ್ಯ ಹಿರೋಶಿ ಅಮಾನೊ ಪಟ್ಟು ಬಿಡಲಿಲ್ಲ. ಶಿಕೋಕು ದ್ವೀಪದ ನಿಚಿಯಾ ಎಂಬ ರಾಸಾಯನಿಕ ಕಂಪನಿಯಲ್ಲಿ ಶುಜಿ ನಾಕಾಮುರಾ ಎಂಬ ಎಂಜಿನಿಯರ್ ತನ್ನದೇ ದಾರಿಯಲ್ಲಿ ಅದರ ಬೆನ್ನುಹತ್ತಿದ್ದರು. 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಹೊರಬಂತು. ಕಂಪನಿ ಅದಕ್ಕೆ ಅವರಿಗೆ ಕೊಟ್ಟ ಬಹುಮಾನ 20,000 ಯೆನ್ ಅಂತೆ. ನಾಕಾಮುರಾ ಆಮೇಲೆ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಹೊಲೊನ್ಯಾಕ್ ಅವರಿಗೆ ಬರಲಿಲ್ಲ. ಅದು ನ್ಯಾಯವೇ ಅಲ್ಲವೇ ಎಂಬ ಚರ್ಚೆ ಬೇರೆ. ನೀಲಿ ಬಂದ ಮೇಲೇ ಬಿಳಿ ಬಂದದ್ದು: ನೀಲಿ ಎಲ್‌ಇಡಿಯ ಮೇಲೆ ಹಳದಿಯಾಗಿ ಹೊಳೆಯುವ ಒಂದು ಲೇಪ ಹಚ್ಚಿದರೆ ಎರಡೂ ಕೂಡಿ ಬಿಳಿ. ಕೇಂದ್ರದ ಯೋಜನೆಯೊಂದರಡಿ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆಮನೆಗೆ ಹಂಚಿದ 9 ವ್ಯಾಟಿನ ಬಲ್ಬು ನೆನಪಿದೆಯಲ್ಲ, ಅದರ ಬೆಳಕೂ ಇದೇ ಬಗೆಯದು. ಆ ಯೋಜನೆಗಾಗಿ ಸರ್ಕಾರ ಸಗಟಾಗಿ ಕೊಂಡ ಬಲ್ಬಿನ ಬೆಲೆ 2014ರಲ್ಲಿ 310 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 38ಕ್ಕೆ ಇಳಿದಿತ್ತು.

ಇನ್ನು ಪ್ರಯೋಗಗಳ ವಿಷಯ. ಬಣ್ಣದ ಬಲ್ಬು ತಂದ ಮೊದಲ ವಾರ ಎಲ್ಲರ ಮನೆಯಲ್ಲೂ ಒಂದೇ ಕತೆ. ಹಾಲ್ ಒಮ್ಮೆ ನೇರಳೆ, ಒಮ್ಮೆ ಕಡುನೀಲಿ, ಮಕ್ಕಳಿಗೆ ಹಬ್ಬ, ಪಕ್ಕದ ಮನೆಯವರು, ಇದೇನು ಡಾಬಾ ಇಟ್ಟಿರೋ ಎಂದು ಕೇಳುವ ಮಟ್ಟಿಗೆ. ಎರಡನೆಯ ವಾರ ಆ ಉತ್ಸಾಹ ಇಳಿಯುತ್ತದೆ. ನಿಜವಾದ ಪ್ರಯೋಗ ಶುರುವಾಗಬೇಕಾದದ್ದು ಆಗ.

ಬಲ್ಬನ್ನು ಅಚ್ಚ ಹಳದಿಗೆ ತನ್ನಿ. ರಟ್ಟಿನಲ್ಲಿ ಒಂದು ತೆಳು ಸೀಳು ಮಾಡಿ ಅದರ ಮುಂದೆ ಹಿಡಿಯಿರಿ. ಹಾಡು ತುಂಬಿದ ಹಳೆಯ ಸೀಡಿ ಯಾವುದಾದರೂ ಡಬ್ಬಿಯಲ್ಲಿ ಬಿದ್ದಿರುತ್ತದೆ. ಕೋಣೆ ಕತ್ತಲು ಮಾಡಿ, ಆ ಸೀಳಿನ ಬೆಳಕನ್ನು ಸೀಡಿಯ ಹೊಳೆಯುವ ಮುಖದಲ್ಲಿ ಓರೆಯಾಗಿ ನೋಡಿ. ಕೆಂಪು ಕಾಣುತ್ತದೆ, ಹಸಿರು ಕಾಣುತ್ತದೆ. ನಡುವೆ ಹಳದಿ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ! ಕೋಣೆಯ ತುಂಬ ಹಳದಿ ಚೆಲ್ಲಿದೆ, ಬೆಳಕಿನಲ್ಲಿ ಹಳದಿಯೇ ಇಲ್ಲ. ಅದೇ ಸೀಳಿನ ಹಿಂದೆ ಹಳೆಯ ತಂತಿಯ ಬಲ್ಬು ಇಟ್ಟು ನೋಡಿದರೆ ಕೆಂಪಿನಿಂದ ನೇರಳೆಯವರೆಗೆ ಎಲ್ಲ ಬಣ್ಣವೂ ಎಡೆಬಿಡದೆ ಹಾಸಿರುತ್ತದೆ. ಹಾಗಾದರೆ ಹಳದಿ ಎಲ್ಲಿತ್ತು? ನಮ್ಮ ಕಣ್ಣಿನ ಹಿಂಬದಿಯ ಪರದೆಯಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಕೆಂಪಿನ ಕಡೆಯದೂ ಹಸಿರಿನ ಕಡೆಯದೂ ಒಟ್ಟಿಗೆ ಕೆರಳಿದರೆ ಮಿದುಳು ಅದನ್ನು ಹಳದಿ ಎಂದು ಓದುತ್ತದೆ. ಬಂದದ್ದು ಒಂದೇ ಅಲೆಯೋ ಎರಡೋ ಎಂದು ವಿಚಾರಿಸುವುದಿಲ್ಲ. 1861ರಲ್ಲಿ ಲಂಡನ್ನಿನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಒಂದು ಬಣ್ಣದ ರಿಬ್ಬನ್ನಿನ ಮೂರು ಚಿತ್ರಗಳನ್ನು ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಒಂದರ ಮೇಲೊಂದು ಬೀಳಿಸಿ ತೋರಿಸಿದ್ದು ಇದನ್ನೇ. ಟಿವಿ, ಮೊಬೈಲ್ ಪರದೆ, ಈ ಬಲ್ಬು ಎಲ್ಲವೂ ಕಣ್ಣಿನ ಆ ಒಂದು ಔದಾರ್ಯದ ಮೇಲೆ ಬದುಕಿವೆ.

ಇಲ್ಲಿ ಒಂದು ಅಡ್ಡಮಾತು. ನಮ್ಮ ಬೆಂಗಳೂರಿನಲ್ಲೇ ಕೂತು ಈ ಮೂರು ಬಣ್ಣದ ಸಿದ್ಧಾಂತವನ್ನು ಒಪ್ಪದೆ ಹೋದವರು ಸರ್ ಸಿ.ವಿ. ರಾಮನ್. ಕೊನೆಯ ವರ್ಷಗಳಲ್ಲಿ ಅವರಿಗೆ ಹೂವಿನ ಬಣ್ಣ, ಕಣ್ಣಿನ ಬಣ್ಣಗ್ರಹಣ, ಇವುಗಳದ್ದೇ ಧ್ಯಾನ. 1968ರಲ್ಲಿ ದೃಷ್ಟಿಯ ಶರೀರಶಾಸ್ತ್ರದ ಬಗ್ಗೆ ಒಂದು ಪುಸ್ತಕವನ್ನೇ ತಂದರು. ವಿಜ್ಞಾನ ಆ ವಿಷಯದಲ್ಲಿ ಅವರ ಜೊತೆ ಹೋಗಲಿಲ್ಲ. ಮೂರು ಬಗೆಯ ಕೋಶಗಳು ಇವೆ ಎಂಬುದು ಗಟ್ಟಿಯಾಗಿ ನಿಂತಿತು. ಆದರೂ ನೊಬೆಲ್ ಬಂದು ದಶಕಗಳಾದ ಮೇಲೆ, ವಯಸ್ಸಾದ ಕಾಲದಲ್ಲಿ, ತೋಟದ ಗುಲಾಬಿಯ ಮುಂದೆ ನಿಂತು ಇದು ಕೆಂಪಾಗಿ ಯಾಕೆ ಕಾಣುತ್ತದೆ ಎಂದು ಮತ್ತೆ ಮೊದಲಿನಿಂದ ಕೇಳಿದ ಮನುಷ್ಯ ನನಗೆ ಬಹಳ ಇಷ್ಟ.

ಇನ್ನೊಂದು ಪ್ರಯೋಗಕ್ಕೆ ದೇವರ ಮನೆಯಿಂದ ಸ್ವಲ್ಪ ಕುಂಕುಮ, ಸ್ವಲ್ಪ ಅರಿಶಿನ ಬೇಕು. ಬಿಳಿ ಕಾಗದದ ಮೇಲೆ ಎರಡನ್ನೂ ಬೇರೆ ಬೇರೆ ಹಾಕಿ. ಬೇರೆ ದೀಪ ಆರಿಸಿ ಬಲ್ಬನ್ನು ಬರಿಯ ಕೆಂಪಿಗೆ ತಂದರೆ ಅರಿಶಿನಕ್ಕೂ ಕಾಗದಕ್ಕೂ ಭೇದ ಹೊರಟುಹೋಗುತ್ತದೆ; ಕುಂಕುಮವೂ ಕಾಗದದಲ್ಲಿ ಕರಗಿದ ಹಾಗೆ. ನೀಲಿಗೆ ಹೊರಳಿಸಿದ ಕೂಡಲೇ ಕುಂಕುಮ ಕಪ್ಪು, ಅರಿಶಿನವೂ ಮಂಕು. ಕುಂಕುಮ ಹಿಂದಕ್ಕೆ ಚಿಮ್ಮಿಸುವುದು ಕೆಂಪನ್ನು ಮಾತ್ರ. ಬರುವ ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ಅದು ಏನನ್ನು ಕೊಟ್ಟೀತು? ಸೀರೆ ಕೊಳ್ಳುವಾಗ ಅಂಗಡಿಯ ಬಾಗಿಲಿಗೆ ಬಂದು, ಬಿಸಿಲಿಗೆ ಸೆರಗು ಹಿಡಿದು ನೋಡುವ ನಮ್ಮ ಹೆಂಗಸರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಬಲ್ಬಿನಲ್ಲಿ ಬಿಳಿಗೆಂದೇ ಬೇರೆ ಎಲ್‌ಇಡಿ ಇಟ್ಟಿರುವುದಕ್ಕೂ ಇದೇ ಕಾರಣ. ಮೂರು ಬಣ್ಣ ಬೆರೆಸಿ ಮಾಡಿದ ಬಿಳಿಯಲ್ಲಿ ಮೈಬಣ್ಣ, ಅನ್ನ, ಹುಳಿ, ಎಲ್ಲದರ ಮೇಲೂ ಏನೋ ಒಂದು ಕಳೆಗೆಟ್ಟ ಛಾಯೆ ಬೀಳುತ್ತದೆ.

ಮೂರು ಬಲ್ಬು ಇದ್ದವರು ಒಂದನ್ನು ಕೆಂಪು, ಒಂದನ್ನು ಹಸಿರು, ಒಂದನ್ನು ನೀಲಿ ಮಾಡಿ ಬಿಳಿ ಗೋಡೆಗೆ ಅಷ್ಟಷ್ಟು ದೂರದಿಂದ ಬೀಳಿಸಿ ನಡುವೆ ಕೈ ಒಡ್ಡಿ. ಗೋಡೆ ಬೆಳ್ಳಗಿದ್ದು, ಕೈಯ ನೆರಳು ಮಾತ್ರ ಬಣ್ಣಬಣ್ಣವಾಗುತ್ತದೆ. ನೀಲಿಯನ್ನು ತಡೆದ ಕಡೆ ಹಳದಿ ನೆರಳು, ಹಸಿರನ್ನು ತಡೆದ ಕಡೆ ರಾಣಿ ಬಣ್ಣ, ಕೆಂಪನ್ನು ತಡೆದ ಕಡೆ ನವಿಲಿನ ಕತ್ತಿನ ತಿಳಿಬಣ್ಣ. ಶಾಲೆಯ ಮೇಷ್ಟರು ಯಾರಾದರೂ ಕೇಳುತ್ತಿದ್ದರೆ, ಒಂದು ತರಗತಿಗೆ ಇಷ್ಟು ಸಾಕು.

ಬಣ್ಣ ಹಾಕಿದರೆ ಬೆಳಕೇ ಇರಲ್ಲ ಎಂದು ಕೊಂಡವರೆಲ್ಲ ದೂರುತ್ತಾರೆ. ನಿಜವೇ. ಬಿಳಿಯ ಎಲ್‌ಇಡಿಗಳಿಗೆ ಹೋಲಿಸಿದರೆ ಬಣ್ಣದವು ಬಲ್ಬಿನೊಳಗೆ ಕೆಲವೇ ಇರುತ್ತವೆ. ಮೇಲಾಗಿ ನಮ್ಮ ಕಣ್ಣು ಹಗಲಿನಲ್ಲಿ ಅತಿ ಚುರುಕಾಗಿರುವುದು ಹಸಿರು ಹಳದಿಯ ನಡುವಿನ 555 ನ್ಯಾನೋಮೀಟರಿನ ಆಸುಪಾಸಿನಲ್ಲಿ. ನೀಲಿಯ ಕಡೆ ಅದಕ್ಕೆ ಅಷ್ಟು ಕಕ್ಕುಲಾತಿ ಇಲ್ಲ. ಬಣ್ಣದ ಬಲ್ಬಿನ ಕೆಳಗೆ ಪುಸ್ತಕ ಓದುತ್ತೇನೆ ಎಂದುಕೊಂಡವರು ಆಸೆ ಬಿಡುವುದು ಒಳ್ಳೆಯದು.

ಬಲ್ಬನ್ನು ಮನೆಯ ವೈಫೈಗೆ ಸೇರಿಸುವ ಕೆಲಸದಲ್ಲಿ ಎಷ್ಟೋ ಮಂದಿ ಮೊದಲ ದಿನವೇ ತಲೆ ಕೆಡಿಸಿಕೊಳ್ಳುತ್ತಾರೆ. ಕಾರಣ ಸಣ್ಣದು. ಈಚಿನ ರೂಟರುಗಳು ಎರಡು ಪಟ್ಟಿಯಲ್ಲಿ ಮಾತಾಡುತ್ತವೆ, 2.4 ಮತ್ತು 5 ಗಿಗಾಹರ್ಟ್ಸ್. ಫೋನು ವೇಗ ಹುಡುಕಿಕೊಂಡು ಐದಕ್ಕೆ ಹೋಗಿ ಕೂತಿರುತ್ತದೆ. ಬಲ್ಬಿಗೆ ಗೊತ್ತಿರುವುದು 2.4 ಮಾತ್ರ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದು ಒಬ್ಬರ ದನಿ ಒಬ್ಬರಿಗೆ ಕೇಳದು. ರೂಟರಿನಲ್ಲಿ ಐದನ್ನು ಸ್ವಲ್ಪ ಹೊತ್ತು ಆರಿಸಿದರೆ ಕೆಲಸ ಮುಗಿಯಿತು. ಕಾಂಕ್ರೀಟಿನೊಳಗಿನ ಕಬ್ಬಿಣ, ಹಳೆಯ ಮನೆಯ ದಪ್ಪ ಗೋಡೆ, ಅಡುಗೆಮನೆಯ ಮೈಕ್ರೋವೇವ್ ಒಲೆ, ಇವು ಮೂರೂ ಈ ಸಣ್ಣ ಅಲೆಗೆ ಶತ್ರುಗಳು. ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದೂ ಇದೇ ಪಟ್ಟಿಯ ಅಲೆಯಿಂದ.

ವೈಫೈ ಬಿಟ್ಟು ಜಿಗ್‌ಬೀ ಎಂಬ ಇನ್ನೊಂದು ದಾರಿಯೂ ಇದೆ. ಜೇನುಹುಳುಗಳು ಕುಣಿದು ಸುದ್ದಿ ಹೇಳುತ್ತವಲ್ಲ, ಅದರಿಂದ ಬಂದ ಹೆಸರು. 2012ರ ಅಕ್ಟೋಬರಿನಲ್ಲಿ ಫಿಲಿಪ್ಸ್ ಕಂಪನಿ ‘ಹ್ಯೂ’ ಬಲ್ಬುಗಳನ್ನು ಮಾರುಕಟ್ಟೆಗೆ ತಂದು ಈ ಆಟವನ್ನೆಲ್ಲ ಶುರುಮಾಡಿದಾಗ ಆರಿಸಿಕೊಂಡದ್ದು ಇದನ್ನೇ. ಇದರಲ್ಲಿ ಪ್ರತಿ ಬಲ್ಬೂ ತನಗೆ ಬಂದ ಮಾತನ್ನು ಮುಂದಿನದಕ್ಕೆ ದಾಟಿಸುತ್ತದೆ. ಊಟದ ಪಂಕ್ತಿಯ ಕೊನೆಯವರು ಉಪ್ಪು ಕೇಳಿದರೆ ಕೈಯಿಂದ ಕೈಗೆ ಹೋಗುವ ಹಾಗೆ. ಮನೆ ದೊಡ್ಡದಾದಷ್ಟೂ, ಬಲ್ಬು ಹೆಚ್ಚಾದಷ್ಟೂ ಜಾಲ ಗಟ್ಟಿ. ಆದರೆ ಮಧ್ಯದ ಒಂದು ಬಲ್ಬಿನ ಸ್ವಿಚ್ಚನ್ನು ಯಾರೋ ಗೋಡೆಯಲ್ಲಿ ಆರಿಸಿದರೆ ಆ ಕೊಂಡಿ ಹೋಯಿತು.

ಆ ಯಾರೋ ಎಂಬುವರು ಯಾರು ಎಂಬುದು ನಿಮಗೆಲ್ಲ ಗೊತ್ತು. ಪ್ರತಿ ಮನೆಯಲ್ಲೂ ಒಬ್ಬ ಅಮ್ಮನೋ ಅಜ್ಜಿಯೋ ಇರುತ್ತಾರೆ. ಖಾಲಿ ಕೋಣೆಯಲ್ಲಿ ದೀಪ ಉರಿಯುವುದನ್ನು ಅವರು ಸಹಿಸುವವರಲ್ಲ. “ಲೈಟ್ ಆರಿಸೋಕೆ ಫೋನ್ ಯಾಕೋ ಬೇಕು? ಸ್ವಿಚ್ ಕೈಗೆ ಸಿಗುತ್ತಲ್ಲ” ಎಂದು ನನ್ನ ತಾಯಿ ಕೇಳಿದ್ದಕ್ಕೆ ನನ್ನಲ್ಲಿ ಇವತ್ತಿಗೂ ಸರಿಯಾದ ಉತ್ತರವಿಲ್ಲ. ಗೋಡೆಯ ಸ್ವಿಚ್ಚು ಆರಿದರೆ ಸ್ಮಾರ್ಟ್ ಬಲ್ಬಿನ ರೇಡಿಯೋಗೂ ಕರೆಂಟಿಲ್ಲ. ಆಮೇಲೆ ಫೋನಿನಿಂದ ಎಷ್ಟು ಕೂಗಿದರೂ ಅದು ಓಗೊಡದು. ಬಲ್ಬಿನ ಬುದ್ಧಿ ಉಳಿಯಬೇಕಾದರೆ ಸ್ವಿಚ್ಚು ಸದಾ ಆನ್ ಇರಬೇಕು, ಅಂದರೆ ಸ್ವಿಚ್ಚು ಇದ್ದೂ ಇಲ್ಲದ ಹಾಗೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಕ್ಕೆ ಬಂದ ಕಾಲದಿಂದ ಇಲ್ಲಿಯವರೆಗೆ ಕೈಗೂ ದೀಪಕ್ಕೂ ನಡುವೆ ಒಂದು ತಂತಿ ಇತ್ತು. ಒತ್ತಿದರೆ ಉರಿಯಿತು, ಎತ್ತಿದರೆ ಆರಿತು. ಬಂದ ನೆಂಟರಿಗೂ ಹೇಳಿಕೊಡಬೇಕಾಗಿರಲಿಲ್ಲ. ಈಗ ನೆಂಟರು ಬಂದರೆ ಮೊದಲು ಕಾಫಿ, ಆಮೇಲೆ ಬಚ್ಚಲುಮನೆಯ ದೀಪದ ಕುರಿತು ಒಂದು ಉಪನ್ಯಾಸ!

ನನ್ನ ಅಭಿಪ್ರಾಯ ಕೇಳಿದರೆ, ಬಚ್ಚಲು, ಅಡುಗೆಮನೆ, ಮೆಟ್ಟಿಲು, ಇಲ್ಲೆಲ್ಲ ಸಾದಾ ಬಲ್ಬೇ ಇರಲಿ. ಬಣ್ಣದ ಬಲ್ಬಿಗೆ ಸರಿಯಾದ ಜಾಗ ಮೂಲೆಯ ಮೇಜುದೀಪ, ಮಲಗುವ ಕೋಣೆ, ಹೊರಗಿನ ಜಗಲಿ. ಗೋಡೆಯ ಸ್ವಿಚ್ಚಿನ ಮೇಲೆ ಅಂಟಿಸುವ ನಿಸ್ತಂತು ಗುಂಡಿಗಳೂ ಬಂದಿವೆ. ಅದನ್ನು ಒತ್ತಿದರೆ ಬಲ್ಬಿಗೆ ಕರೆಂಟು ತಪ್ಪದೆ ದೀಪ ಮಾತ್ರ ಆರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಬಲ್ಬಿಗಿಂತ ಮೊದಲು ಅದನ್ನು ಕೊಳ್ಳಬೇಕು.

ಕರೆಂಟಿನ ಆಟದ ಬಗ್ಗೆಯೂ ಒಂದು ಮಾತು. ಈ ಬಲ್ಬುಗಳನ್ನು ಕಲ್ಪಿಸಿದವರ ಊರಿನಲ್ಲಿ ಪ್ರಾಯಶಃ ಕರೆಂಟು ಹೋಗುವುದಿಲ್ಲ. ಅನೇಕ ಬಲ್ಬುಗಳನ್ನು ಮತ್ತೆ ಹೊಸದಾಗಿ ಜೋಡಿಸಬೇಕಾದರೆ ಸ್ವಿಚ್ಚನ್ನು ಮೂರು ಸಲವೋ ಐದು ಸಲವೋ ಬೇಗ ಬೇಗ ಆರಿಸಿ ಹಾಕಬೇಕು ಎಂದು ಮಾಡಿಟ್ಟಿದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಗೆ ತಂತಿ ತೂಗಿದಾಗ ಕರೆಂಟು ತಾನೇ ಹಾಗೆ ಹೋಗಿ ಬಂದು ಮಾಡುತ್ತದೆ. ಬಲ್ಬು ಪಾಪ, ಯಜಮಾನರು ಎಲ್ಲ ಮರೆತುಬಿಡು ಅನ್ನುತ್ತಿದ್ದಾರೆ ಎಂದು ತಿಳಿದು ಮನೆಯ ವೈಫೈಯನ್ನೇ ಮರೆತು ಮಿಣಮಿಣ ಮಾಡುತ್ತ ಕೂರುತ್ತದೆ. ಇನ್ನು ರಾತ್ರಿ ಎರಡಕ್ಕೆ ಹೋದ ಕರೆಂಟು ಮೂರಕ್ಕೆ ಬಂದರೆ, ಆರಿಸಿ ಮಲಗಿದ ಬಲ್ಬು ಪೂರ್ತಿ ಬಿಳಿಯಲ್ಲಿ ಧಗ್ಗನೆ ಹೊತ್ತಿ ಮನೆಮಂದಿಯನ್ನೆಲ್ಲ ಎಬ್ಬಿಸಬಹುದು. ಕರೆಂಟು ಬಂದ ಮೇಲೆ ಹಿಂದೆ ಇದ್ದ ಸ್ಥಿತಿಗೇ ಮರಳು ಎಂಬ ಆಯ್ಕೆ ಹೆಚ್ಚಿನ ಆ್ಯಪ್‌ಗಳಲ್ಲಿ ಇದೆ; ಬಣ್ಣ ಹುಡುಕುವ ಮೊದಲು ಅದನ್ನು ಹುಡುಕಿ. ಯುಪಿಎಸ್ ಇರುವ ಮನೆಯಲ್ಲಿ ಬಲ್ಬಿಗೆ ಮಾತ್ರವಲ್ಲ, ರೂಟರಿಗೂ ಯುಪಿಎಸ್ ಸಂಪರ್ಕ ಬೇಕು.

ಆರಿದಾಗಲೂ ಇದು ಕರೆಂಟು ತಿನ್ನುತ್ತದೆಯೆ ಎಂದು ಕೆಲವರು ಕೇಳುತ್ತಾರೆ. ಹೌದು, ಕಿವಿ ತೆರೆದಿರಬೇಕಲ್ಲ. ಒಂದು ಬಲ್ಬಿಗೆ ಅರ್ಧ ವ್ಯಾಟು ಎಂದು ಹಿಡಿಯಿರಿ. ಹತ್ತು ಬಲ್ಬು ತಿಂಗಳಿಡೀ ಹಾಗೆ ಕಾದು ಕೂತರೆ ಮೂರೂವರೆ ಯೂನಿಟ್ಟು ಚಿಲ್ಲರೆ. ಹೆದರಬೇಕಾದ ಲೆಕ್ಕವಲ್ಲ. ನಮ್ಮ ಹಿಂದಿನ ಮನೆಗಳಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ‘ಜೀರೋ ಬಲ್ಬು’ ಹೆಸರಿಗೆ ಸೊನ್ನೆ, ತಿನ್ನುತ್ತಿದ್ದದ್ದು ಹತ್ತು ಹದಿನೈದು ವ್ಯಾಟು. ಹಳೆಯ ಮೀಟರಿಗೆ ಅದು ಕಾಣುತ್ತಿರಲಿಲ್ಲ ಅಷ್ಟೆ.

ಬಣ್ಣದ ಹುಚ್ಚು ಇಳಿದ ಮೇಲೆ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಬಲ್ಬಿನ ಮಂದ ಬೆಳಕು. ಇದು ನನ್ನ ಗಟ್ಟಿ ಅನಿಸಿಕೆ. ಬಿಳಿಯಲ್ಲೂ ಬಗೆಗಳಿವೆ, ಅದನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ದಸರೆಯಲ್ಲಿ ಮೈಸೂರು ಅರಮನೆ ಹೊತ್ತುಕೊಳ್ಳುವ ಹೊಂಬಣ್ಣ 2700ರ ಆಸುಪಾಸು. ಟ್ಯೂಬ್‌ಲೈಟಿನ ಬೆಳ್ಳನೆ ಬೆಳಕು 6500. ನಮ್ಮಲ್ಲಿ ಜನ ಯಾಕೋ 6500ಕ್ಕೇ ಮರುಳಾಗಿದ್ದಾರೆ. ಬೆಳ್ಳಗಿದ್ದಷ್ಟೂ ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂಬ ಭಾವನೆ ಇರಬೇಕು. ಆದರೆ ಕಣ್ಣಿನಲ್ಲಿ ನೋಟಕ್ಕೆ ಸಂಬಂಧಪಡದ, ಹೊತ್ತು ಹೇಳುವುದಕ್ಕೆಂದೇ ಇರುವ ಬೇರೆ ಕೋಶಗಳಿವೆ ಎಂಬುದು 2002ರ ಹೊತ್ತಿಗೆ ಖಚಿತವಾಯಿತು. ಅವು ಬಹಳ ಮಿಡಿಯುವುದು 480 ನ್ಯಾನೋಮೀಟರಿನ ಸುತ್ತಿನ ನೀಲಿಗೆ. ರಾತ್ರಿ ಹತ್ತಕ್ಕೆ ತಲೆಯ ಮೇಲೆ ಆ ಬೆಳಕು ಸುರಿದರೆ ಮೈ ಇನ್ನೂ ಹಗಲು ಎಂದುಕೊಳ್ಳುತ್ತದೆ, ನಿದ್ದೆ ತರುವ ಮೆಲಟೋನಿನ್ ತಡವಾಗುತ್ತದೆ. ಗಿಡಗಳಿಗೂ ಬೆಳಕು ಹೊತ್ತು ಹೇಳುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ನೋಡಿರಬಹುದು, ಹೊಲದ ತುಂಬ ಸಾಲುಸಾಲು ಬಲ್ಬು. ಸೇವಂತಿಗೆಗೆ ರಾತ್ರಿ ಉದ್ದವಾದರೆ ಹೂ ಬಿಡುವ ಮನಸ್ಸಾಗುತ್ತದೆ. ರಾತ್ರಿಯನ್ನು ಬೆಳಕಿನಿಂದ ಮುರಿದು ಹೂವನ್ನು ಹಬ್ಬದ ಮಾರುಕಟ್ಟೆಯವರೆಗೆ ತಡೆಯುತ್ತಾರೆ.

ಹಾಗಾಗಿ ರಾತ್ರಿ ಊಟದ ಹೊತ್ತಿಗೆ 2700ಕ್ಕೆ, ಮಲಗುವ ಮುನ್ನ ಅದಕ್ಕೂ ಕೆಂಪಾಗಿ, ನೂರಕ್ಕೆ ಹತ್ತಕ್ಕೆ ಇಳಿಯುವಂತೆ ಬಲ್ಬಿಗೆ ಹೇಳಿಟ್ಟರೆ ಅದೊಂದೇ ಕೊಟ್ಟ ಹಣಕ್ಕೆ ಸಾಕು. ನೂರಕ್ಕೆ ಐವತ್ತು ಎಂದರೆ ಕಣ್ಣಿಗೆ ಅರ್ಧವಾಗಿ ಕಾಣುವುದಿಲ್ಲ, ಹೆಚ್ಚೇ ಕಾಣುತ್ತದೆ, ಧೈರ್ಯವಾಗಿ ಇಳಿಸಿ. ಸೂರ್ಯಾಸ್ತಕ್ಕೆ ಸರಿಯಾಗಿ ತಾನೇ ಹೊತ್ತುವ ಏರ್ಪಾಡೂ ಇದೆ. ಬೆಂಗಳೂರಿನಲ್ಲಿ ನವೆಂಬರಿಗೂ ಜುಲೈಗೂ ಮುಳುಗುವ ಹೊತ್ತು ಸುಮಾರು ಒಂದು ಗಂಟೆ ಆಚೀಚೆ. ಆ ಲೆಕ್ಕ ಬಲ್ಬೇ ನೋಡಿಕೊಳ್ಳುತ್ತದೆ. ದೀಪ ಹೊತ್ತಿದ ಕೂಡಲೇ ಕೈಮುಗಿಯುವ ಅಭ್ಯಾಸ ನನ್ನ ತಾಯಿಗೆ. ಹೊತ್ತಿಸಿದವರು ಯಾರು ಎಂದು ಅವರು ವಿಚಾರಿಸಲು ಹೋಗಿಲ್ಲ.

ಜಗಲಿಯ ಬಲ್ಬಿಗೆ ಬೇರೆ ಉಪಯೋಗ. ಮೊದಲ ಮಳೆ ಬಿದ್ದ ಸಂಜೆ ಈಸಲು ಎದ್ದು ದೀಪಕ್ಕೆ ಮುತ್ತುತ್ತವಲ್ಲ, ಆಗ ಬಲ್ಬನ್ನು ಬಿಳಿಯಿಂದ ಕಿತ್ತಳೆ ಕೆಂಪಿಗೆ ತಿರುಗಿಸಿ. ಕೀಟಗಳ ಕಣ್ಣು ನೀಲಿ, ನೇರಳೆಯ ಕಡೆ ಚುರುಕು. ಕೆಂಪಿನ ಕಡೆ ಬಹಳ ಮಂದ. ಪೂರ್ತಿ ನಿಲ್ಲದಿದ್ದರೂ ಅನ್ನದ ತಟ್ಟೆಗೆ ಬೀಳುವ ರೆಕ್ಕೆಗಳು ಕಡಿಮೆಯಾಗುತ್ತವೆ.

ಇನ್ನು ಅಷ್ಟು ಹಿತವಲ್ಲದ ಒಂದು ವಿಚಾರ. ಬಹಳಷ್ಟು ಅಗ್ಗದ ಬಲ್ಬುಗಳಲ್ಲಿ ನೀವು ಫೋನಿನಲ್ಲಿ ಒತ್ತಿದ ಗುಂಡಿಯ ಸುದ್ದಿ ಎಲ್ಲೋ ದೂರದ ಕಂಪನಿಯ ಸರ್ವರಿಗೆ ಹೋಗಿ ಅಲ್ಲಿಂದ ನಿಮ್ಮ ಹಾಲ್‌ಗೆ ಬರುತ್ತದೆ. ಕೈಗೂ ದೀಪಕ್ಕೂ ಹತ್ತು ಅಡಿ, ಆಜ್ಞೆಗೆ ಸಾವಿರಾರು ಮೈಲಿ. ಆ ಕಂಪನಿ ಮುಚ್ಚಿದರೆ? ಆಸ್ರಾಮ್ ಕಂಪನಿ ತನ್ನ ‘ಲೈಟಿಫೈ’ ದೀಪಗಳ ಸರ್ವರನ್ನು 2021ರ ಆಗಸ್ಟಿನಲ್ಲಿ ನಿಲ್ಲಿಸಿತು. ಅಮೆರಿಕದ ಇನ್‌ಸ್ಟಿಯಾನ್ 2022ರ ಏಪ್ರಿಲಿನಲ್ಲಿ ಹೇಳದೆ ಕೇಳದೆ ಬಾಗಿಲೆಳೆಯಿತು. ಕೆಲವು ತಿಂಗಳಾದ ಮೇಲೆ ಅದರ ಬಳಕೆದಾರರೇ ಕೆಲವರು ಸೇರಿ ಆ ಕಂಪನಿಯನ್ನು ಕೊಂಡು ಮತ್ತೆ ನಡೆಸಬೇಕಾಯಿತು. ಕಳ್ಳರ ಕಾಟವೂ ಉಂಟು. 2016ರಲ್ಲಿ ಎಯಾಲ್ ರೊನೆನ್, ಗೂಢಲಿಪಿ ಶಾಸ್ತ್ರದ ದೊಡ್ಡ ಹೆಸರಾದ ಆದಿ ಶಮೀರ್ ಮತ್ತು ಅವರ ಸಂಗಡಿಗರು ಇಸ್ರೇಲಿನಲ್ಲಿ ಒಂದು ಕಟ್ಟಡದ ಹೊರಗೆ ಡ್ರೋನ್ ಹಾರಿಸಿ, ಒಳಗಿನ ಹ್ಯೂ ಬಲ್ಬುಗಳನ್ನು ವಶಪಡಿಸಿಕೊಂಡು ಮೋರ್ಸ್ ಸಂಕೇತದಲ್ಲಿ ‘ಎಸ್‌ಒಎಸ್’ ಎಂದು ಮಿನುಗಿಸಿದರು. ಅವರು ಕೆಡುಕು ಮಾಡಲು ಬಂದವರಲ್ಲ. ಕಂಪನಿಗೆ ಮೊದಲೇ ತಿಳಿಸಿದ್ದರು, ಆ ದೋಷ ಸರಿಹೋಯಿತು.

ಕೊಳ್ಳುವಾಗ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗೆ ಇದು ಕೆಲಸ ಮಾಡುತ್ತದೆಯೆ? 2022ರ ಅಕ್ಟೋಬರಿನಲ್ಲಿ ಬಂದ ‘ಮ್ಯಾಟರ್’ ಎಂಬ ಒಪ್ಪಂದದ ಗುರುತು ಡಬ್ಬದ ಮೇಲಿದ್ದರೆ ಉತ್ತರ ಹೌದು. ಬೇರೆ ಬೇರೆ ಕಂಪನಿಯ ಬಲ್ಬುಗಳೂ ಒಂದರ ಜೊತೆ ಒಂದು ಮಾತಾಡುತ್ತವೆ. ಹಳೆಯ ಬಲ್ಬನ್ನು ಯಾರಿಗಾದರೂ ಕೊಡುವ ಮುನ್ನ ರೀಸೆಟ್ ಮಾಡಿ ಕೊಡಿ, ಅದರ ನೆನಪಿನಲ್ಲಿ ನಿಮ್ಮ ವೈಫೈ ಪಾಸ್‌ವರ್ಡ್ ಇರುತ್ತದೆ.

ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿಯಬಲ್ಲ ಹುಡುಗರಿಗೆ ಬಲ್ಬಿಗಿಂತ ಒಳ್ಳೆಯ ಆಟ ಎಲ್‌ಇಡಿ ಪಟ್ಟಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಡಬ್ಲ್ಯುಎಸ್ 2812 ಎಂದು ಕೇಳಿದರೆ ಕೊಡುತ್ತಾರೆ. ಮೀಟರಿಗೆ 60 ದೀಪ, ಪ್ರತಿಯೊಂದರಲ್ಲೂ ಮೂರು ಬಣ್ಣ ಮತ್ತು ಒಂದು ಪುಟ್ಟ ಚಿಪ್ಪು. ಪ್ರತಿ ದೀಪಕ್ಕೂ ಬೇರೆ ಬಣ್ಣ ಹೇಳಬಹುದು. ಇಎಸ್‌ಪಿ ಹೆಸರಿನ ಅಗ್ಗದ ವೈಫೈ ಬೋರ್ಡ್ ಒಂದಕ್ಕೆ ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ತುಂಬಿದರೆ ಮುಗಿಯಿತು. ಯಾವ ಕಂಪನಿಯ ಸರ್ವರಿನ ಹಂಗೂ ಇಲ್ಲ. ಕೆಲಸವೆಲ್ಲ 5 ವೋಲ್ಟಿನದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಪ್ರವಾಹ ದೊಡ್ಡದು: ಒಂದು ದೀಪ ಪೂರ್ತಿ ಬಿಳಿಯಾದರೆ 60 ಮಿಲಿಆಂಪಿಯರ್, ಒಂದು ಮೀಟರಿಗೆ ಮೂರೂವರೆ ಆಂಪಿಯರಿಗೂ ಮೇಲೆ. ಫೋನಿನ ಚಾರ್ಜರು ಇದಕ್ಕೆ ಸಾಲದು, ತೆಳು ತಂತಿ ಬಿಸಿಯಾಗುತ್ತದೆ. ಪಟ್ಟಿ ಉದ್ದವಾದಾಗ ತುದಿಯ ದೀಪಗಳು ಬಿಳಿ ಹೋಗಿ ಕೆಂಪಗೆ ಕಾಣತೊಡಗುತ್ತವೆ. ದೀಪ ಕೆಟ್ಟದ್ದಲ್ಲ, ದಾರಿಯಲ್ಲಿ ವೋಲ್ಟೇಜು ಸೋರಿದೆ. ಕೆಂಪು ಎಲ್‌ಇಡಿಗೆ 2 ವೋಲ್ಟು ಸಾಕು, ನೀಲಿ ಹಸಿರಿಗೆ 3ಕ್ಕೂ ಮೇಲೆ ಬೇಕು, ಅವು ಮೊದಲು ಸೋಲುತ್ತವೆ. ತುದಿಗೂ ಒಂದು ವಿದ್ಯುತ್ ತಂತಿ ಎಳೆದುಕೊಟ್ಟರೆ ಸರಿಹೋಗುತ್ತದೆ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯವರು ಈ ಪಟ್ಟಿಯನ್ನು ಮೆಟ್ಟಿಲಿನ ಅಂಚಿನ ಕೆಳಗೆ, ದೀಪ ಕಣ್ಣಿಗೆ ನೇರ ಕಾಣದ ಹಾಗೆ ಅಂಟಿಸಿ. ತಂತ್ರಾಂಶದಲ್ಲಿ ಪ್ರವಾಹಕ್ಕೆ ಮಿತಿ ಹಾಕುವ ಒಂದು ಜಾಗವಿದೆ. ನಿಮ್ಮ ಅಡಾಪ್ಟರು ಎಷ್ಟು ಆಂಪಿಯರಿನದೋ ಅದಕ್ಕಿಂತ ಸ್ವಲ್ಪ ಕಡಿಮೆ ಬರೆಯಿರಿ. ಓಡುವ, ಮಿನುಗುವ ಆಟಗಳನ್ನೆಲ್ಲ ಮಕ್ಕಳು ಒಂದು ಸಂಜೆ ಮಾಡಿ ನೋಡಲಿ. ಆರತಿಯ ಹೊತ್ತಿಗೆ ಮಾತ್ರ ಪಟ್ಟದ ಗೊಂಬೆಯ ಮೆಟ್ಟಿಲಿಗೆ ಬೆಚ್ಚನೆಯ ಹೊಂಬಣ್ಣ, ನೂರಕ್ಕೆ ಇಪ್ಪತ್ತು, ಅಷ್ಟೇ ಇರಲಿ. ರೇಷ್ಮೆಯ ಜರಿ ಎದ್ದು ಕಾಣುವುದು ಆ ಬೆಳಕಿನಲ್ಲೇ.